ಹದಿನಾರು ಕೋರ್ ಸಾಕಾ, ಥ್ರೆಡ್‌ರಿಪ್ಪರೇ ಬೇಕಾ?

ಪ್ರಶ್ನೆ: ನಮಸ್ಕಾರ ಸರ್. ಹುಬ್ಬಳ್ಳಿಯಲ್ಲಿ ನಮ್ಮದು ನಾಲ್ಕು ಜನರ ಸಣ್ಣ ಇಂಟೀರಿಯರ್ ಡಿಸೈನ್ ಆಫೀಸು. ಆಟೋಕ್ಯಾಡ್, ಸ್ಕೆಚ್‌ಅಪ್, ಆಮೇಲೆ 3ಡಿಎಸ್ ಮ್ಯಾಕ್ಸ್‌ನಲ್ಲಿ ಕರೋನಾ ರೆಂಡರ್ (3ಡಿ ಮಾಡೆಲ್‌ನಿಂದ ಫೋಟೋದಂಥ ಚಿತ್ರ ತೆಗೆಯುವ ಸಾಫ್ಟ್‌ವೇರ್). ಈಗಿರುವುದು ರೈಜೆನ್ 7 3700ಎಕ್ಸ್, 32 ಜಿಬಿ ರ‍್ಯಾಮ್. ಒಂದು 4ಕೆ ವ್ಯೂ ರೆಂಡರ್ ಆಗಲು ಎರಡು ಗಂಟೆ ಹಿಡಿಯುತ್ತದೆ. ಹೊಸ ಮಷಿನ್‌ಗೆ ಅಂಗಡಿಯಲ್ಲಿ ಕೇಳಿದರೆ, "ಡೆಸ್ಕ್‌ಟಾಪ್ ಪ್ರೊಸೆಸರ್ ನಿಮಗೆ ಆಗಲ್ಲ, ವರ್ಕ್‌ಸ್ಟೇಷನ್ ಪ್ರೊಸೆಸರೇ ಹಾಕಿಸಿ, ಹತ್ತು ವರ್ಷ ತಿರುಗಿ ನೋಡೋ ಹಾಗಿಲ್ಲ" ಅನ್ನುತ್ತಾರೆ. ರೈಜೆನ್ 9 9950ಎಕ್ಸ್ ಸಾಕಾ, ಥ್ರೆಡ್‌ರಿಪ್ಪರ್ 9960ಎಕ್ಸ್‌ಗೇ ಹೋಗಬೇಕಾ? ಹಳೇ ಜಿಯಾನ್ (ಇಂಟೆಲ್‌ನ ಸರ್ವರ್ ಪ್ರೊಸೆಸರ್) ಹಾಕಿದ ಮಷಿನ್ ಕಡಿಮೆಗೆ ಸಿಗುತ್ತದೆ ಅಂತ ಇನ್ನೊಬ್ಬರು ಹೇಳುತ್ತಿದ್ದಾರೆ. ಅದಾಗುತ್ತಾ?

ಉತ್ತರ: ನಿಮಗೆ ಥ್ರೆಡ್‌ರಿಪ್ಪರ್, ಅಂದರೆ ಎಎಂಡಿಯ ವರ್ಕ್‌ಸ್ಟೇಷನ್ ಪ್ರೊಸೆಸರ್, ಬೇಡ. ಅದೇ ಕಂಪನಿಯ ಡೆಸ್ಕ್‌ಟಾಪ್ ಪ್ರೊಸೆಸರ್ 9950ಎಕ್ಸ್ ಧಾರಾಳವಾಯಿತು. ಅದಕ್ಕೂ ಮೊದಲು ನೋಡಬಹುದಾದ ಇನ್ನೊಂದು ಅಗ್ಗದ ದಾರಿ ಇದೆ, ಅದಕ್ಕೆ ಆಮೇಲೆ ಬರುತ್ತೇನೆ. ಹಾಗಂತ ಅಂಗಡಿಯವರು ಹೇಳಿದ್ದು ಪೂರ್ತಿ ಸುಳ್ಳಲ್ಲ. ವರ್ಕ್‌ಸ್ಟೇಷನ್ ಪ್ರೊಸೆಸರ್ ಇಲ್ಲದೆ ಆಗುವುದೇ ಇಲ್ಲ ಅನ್ನುವ ಜನ ಇದ್ದಾರೆ. ಅವರ ಕೆಲಸ ಬೇರೆ, ನಿಮ್ಮದು ಬೇರೆ. ಎಲ್ಲಿ ಬೇರೆ ಅನ್ನುವುದನ್ನು ನಿಮ್ಮ ಈಗಿನ ಮಷಿನ್ನೇ ತೋರಿಸುತ್ತದೆ.

ಒಂದು ಕೆಲಸ ಮಾಡಿ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆಯಿರಿ. ಪರ್ಫಾರ್ಮೆನ್ಸ್‌ಗೆ ಹೋಗಿ ಸಿಪಿಯು ಗ್ರಾಫ್ ಮೇಲೆ ರೈಟ್ ಕ್ಲಿಕ್ ಮಾಡಿ, ಲಾಜಿಕಲ್ ಪ್ರೊಸೆಸರ್ಸ್ ಆರಿಸಿ. ಒಂದು ದೊಡ್ಡ ಗ್ರಾಫ್ ಹೋಗಿ 16 ಸಣ್ಣ ಚೌಕ ಬರುತ್ತವೆ. ನಿಮ್ಮ ಪ್ರೊಸೆಸರ್ ಒಳಗೆ ದುಡಿಯುವ ಕೋರ್ 8, ಒಂದೊಂದು ಕೋರ್ ಒಟ್ಟಿಗೆ ಎರಡು ಕೆಲಸದ ಸಾಲು, ಅಂದರೆ ಥ್ರೆಡ್, ನಡೆಸುತ್ತದೆ. ಈಗ ಆಟೋಕ್ಯಾಡ್‌ನಲ್ಲಿ ನಿಮ್ಮ ಅತಿ ಭಾರದ ಡ್ರಾಯಿಂಗ್ ತೆಗೆದು ರೀಜೆನ್ (ಡ್ರಾಯಿಂಗನ್ನು ಮತ್ತೆ ಲೆಕ್ಕ ಹಾಕಿ ಬಿಡಿಸುವ ಕಮಾಂಡ್) ಕೊಡಿ. ಒಂದೋ ಎರಡೋ ಚೌಕ ತಲೆ ಎತ್ತುತ್ತವೆ, ಉಳಿದವು ಮಲಗಿರುತ್ತವೆ. ಒಟ್ಟು ಬಳಕೆ ಆರೇಳು ಪರ್ಸೆಂಟ್ ಅಷ್ಟೇ. ನೋಡಿದರೆ ಮಷಿನ್‌ಗೆ ಕೆಲಸವೇ ಇಲ್ಲ ಅನ್ನಬೇಕು, ಕರ್ಸರ್ ಮಾತ್ರ ಸುತ್ತುತ್ತಲೇ ಇರುತ್ತದೆ. 100ನ್ನು 16ರಿಂದ ಭಾಗಿಸಿದರೆ 6.25 ತಾನೆ? ಒಂದು ಥ್ರೆಡ್ ಬೆವರು ಸುರಿಸುತ್ತಿದೆ, 15 ಥ್ರೆಡ್ ಕೂತು ನೋಡುತ್ತಿವೆ. ಇದೇ ಡ್ರಾಯಿಂಗನ್ನು 24 ಕೋರ್, 48 ಥ್ರೆಡ್‌ನ ಥ್ರೆಡ್‌ರಿಪ್ಪರ್ ಮೇಲೆ ತೆರೆದರೆ ಬಳಕೆ 2% ತೋರಿಸುತ್ತದೆ. ನೀವು ಕಾಯುವುದೇನೂ ತಪ್ಪುವುದಿಲ್ಲ.

ಇಂಥ ಕೆಲಸಕ್ಕೆ ಬೇಕಾದದ್ದು ಒಂದು ಕೋರಿನ ಓಟ. 9950ಎಕ್ಸ್ 5.7 ಗಿಗಾಹರ್ಟ್ಸ್‌ವರೆಗೆ ಹೋಗುತ್ತದೆ, 9960ಎಕ್ಸ್ 5.4ಕ್ಕೆ ನಿಲ್ಲುತ್ತದೆ. ಎರಡರ ಒಳಗಿರುವುದೂ ಅದೇ ಝೆನ್ 5 ಕೋರ್. ಡೆಸ್ಕ್‌ಟಾಪ್‌ನದ್ದರಲ್ಲಿ ಎಂಟೆಂಟು ಕೋರಿನ ಎರಡು ಚಿಪ್‌ಲೆಟ್ (ಪ್ರೊಸೆಸರ್ ಒಳಗಿನ ಸಣ್ಣ ಚಿಪ್), ಥ್ರೆಡ್‌ರಿಪ್ಪರ್‌ನದ್ದರಲ್ಲಿ ಆರಾರು ಕೋರ್ ತೆರೆದಿಟ್ಟ ನಾಲ್ಕು ಚಿಪ್‌ಲೆಟ್. ಅಂದರೆ ದುಬಾರಿ ಪ್ರೊಸೆಸರ್‌ನಲ್ಲಿ ಬೇರೆ ಜಾತಿಯ, ಹೆಚ್ಚು ಚುರುಕಿನ ಕೋರ್ ಇದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಆಟೋಕ್ಯಾಡ್, ಸ್ಕೆಚ್‌ಅಪ್ ಎರಡಕ್ಕೂ ಡೆಸ್ಕ್‌ಟಾಪ್ ಪ್ರೊಸೆಸರೇ ಒಂದು ಹೆಜ್ಜೆ ಮುಂದೆ.

ರೆಂಡರ್ ಕಥೆ ಹಾಗಲ್ಲ. ಕರೋನಾ (ಹೆಸರು ಹಾಗಿದೆ, ಏನು ಮಾಡೋದು) ಪೂರ್ತಿ ಪ್ರೊಸೆಸರ್ ಮೇಲೆ ಓಡುತ್ತದೆ. ಡಿನಾಯ್ಸ್ ಮಾಡುವಾಗ (ಚಿತ್ರದ ಮೇಲಿನ ಚುಕ್ಕಿ ಚುಕ್ಕಿ ಅಳಿಸುವಾಗ) ಬಿಟ್ಟರೆ ಗ್ರಾಫಿಕ್ಸ್ ಕಾರ್ಡ್ ಕಡೆ ತಿರುಗಿಯೂ ನೋಡುವುದಿಲ್ಲ. ಎಷ್ಟು ಕೋರ್ ಕೊಟ್ಟರೂ ಖುಷಿಯಾಗಿ ತಿನ್ನುತ್ತದೆ. ರೆಂಡರ್ ಹಚ್ಚಿ ಅದೇ 16 ಚೌಕ ನೋಡಿ, ಎಲ್ಲವೂ ಮೇಲಿನ ಗೆರೆಗೆ ಅಂಟಿಕೊಂಡಿರುತ್ತವೆ. ಆದರೆ ಶುರುವಿನಲ್ಲಿ ಸೀನ್ ಓದಿಕೊಳ್ಳುವ ಹೊತ್ತಿನಲ್ಲಿ ಹಾಗಿರುವುದಿಲ್ಲ, ಚೌಕಗಳು ಖಾಲಿ ಖಾಲಿ. ಆ ಹೊತ್ತೆಷ್ಟು ಅನ್ನುವುದು ಕರೋನಾದ ಫ್ರೇಮ್ ಬಫರ್‌ನಲ್ಲಿ (ರೆಂಡರ್ ಕಾಣುವ ಕಿಟಕಿ) ಸ್ಟ್ಯಾಟ್ಸ್ ಅನ್ನುವ ಕಡೆ ಸಿಗುತ್ತದೆ. ಬರೆದಿಟ್ಟುಕೊಳ್ಳಿ.

ಯಾಕೆ ಅಂದರೆ ಲೆಕ್ಕ ಅಲ್ಲೇ ಇದೆ. ನಿಮ್ಮ 120 ನಿಮಿಷದಲ್ಲಿ 10 ನಿಮಿಷ ಸೀನ್ ಓದುವುದಕ್ಕೆ, 110 ನಿಮಿಷ ನಿಜವಾದ ರೆಂಡರ್‌ಗೆ ಅಂತ ಇಟ್ಟುಕೊಳ್ಳೋಣ. ಕೋರಿನ ವೇಗ ಒಂದೇ ಅಂತಲೂ ಹಿಡಿಯೋಣ. 8 ಕೋರಿನಿಂದ 16ಕ್ಕೆ ಹೋದರೆ 110 ಅರ್ಧವಾಗಿ 55, ಮೇಲೆ 10, ಒಟ್ಟು 65 ನಿಮಿಷ. 24 ಕೋರ್ ಆದರೆ ಸುಮಾರು 37, ಮೇಲೆ ಅದೇ 10, ಒಟ್ಟು 47. ಮೊದಲ ಹೆಜ್ಜೆಯಲ್ಲಿ 55 ನಿಮಿಷ ಉಳಿಯಿತು, ಎರಡನೆಯದರಲ್ಲಿ 18. ಆ ಹತ್ತು ನಿಮಿಷ ಮಾತ್ರ ಕಲ್ಲಿನ ಹಾಗೆ ಕೂತೇ ಇದೆ. ಜೀನ್ ಆಮ್ಡಾಲ್ ಅನ್ನುವವರು 1967ರಲ್ಲೇ ಇದನ್ನು ಹೇಳಿಬಿಟ್ಟಿದ್ದಾರೆ. ಕೆಲಸದ ಹತ್ತರಲ್ಲಿ ಒಂದು ಪಾಲನ್ನು ಹಂಚಲು ಆಗದಿದ್ದರೆ 16 ಕೋರ್ ಸೇರಿ ಕೊಡುವ ವೇಗ 6.4 ಪಟ್ಟು, 64 ಕೋರ್ ಸೇರಿದರೆ ಬರೀ 8.8 ಪಟ್ಟು. ಎಷ್ಟೇ ಕೋರ್ ತುಂಬಿದರೂ ಹತ್ತು ಪಟ್ಟು ದಾಟುವುದಿಲ್ಲ.

ಹಾಗಾದರೆ ವರ್ಕ್‌ಸ್ಟೇಷನ್ ಪ್ರೊಸೆಸರ್‌ಗೆ ಅಷ್ಟು ದುಡ್ಡು ಯಾತಕ್ಕೆ? ಮದುವೆ ಮನೆ ಅಡುಗೆ ನೆನಪಿಸಿಕೊಳ್ಳಿ. ಹದಿನಾರು ಜನ ಭಟ್ಟರಿದ್ದಾರೆ, ಉಗ್ರಾಣದ ಬಾಗಿಲು ಎರಡೇ. ಹುಳಿ ಕುದಿಸುವವನು ಒಮ್ಮೆ ಬೇಳೆ ತಂದು ಹಾಕಿದರೆ ಆಯಿತು, ಅರ್ಧ ಗಂಟೆ ಉಗ್ರಾಣದ ಕಡೆ ಹೋಗುವುದಿಲ್ಲ. ತರಕಾರಿ ಹೆಚ್ಚುವವನು ಹಾಗಲ್ಲ, ನಿಮಿಷಕ್ಕೊಮ್ಮೆ ಓಡಬೇಕು. ಹೆಚ್ಚುವವರೇ ಹದಿನಾರು ಜನ ಆದರೆ ಬಾಗಿಲಲ್ಲಿ ನೂಕುನುಗ್ಗಲು. ಇಲ್ಲಿ ಉಗ್ರಾಣ ಅಂದರೆ ರ‍್ಯಾಮ್, ಬಾಗಿಲು ಅಂದರೆ ಮೆಮೊರಿ ಚಾನೆಲ್. ರೈಜೆನ್‌ಗೆ ಚಾನೆಲ್ ಎರಡು. ಡಿಡಿಆರ್5-5600 ಹಾಕಿದರೆ ಸೆಕೆಂಡಿಗೆ ಹೆಚ್ಚೆಂದರೆ 89.6 ಜಿಬಿ ಸಾಗುತ್ತದೆ. 9960ಎಕ್ಸ್‌ಗೆ ನಾಲ್ಕು ಚಾನೆಲ್, ಡಿಡಿಆರ್5-6400, ಅಂದರೆ 204.8 ಜಿಬಿ. ಇದರ ಅಣ್ಣ ಥ್ರೆಡ್‌ರಿಪ್ಪರ್ ಪ್ರೊಗೆ ಎಂಟು ಚಾನೆಲ್, 409.6 ಜಿಬಿ.

ಕರೋನಾ ರೆಂಡರ್ ಬಹುಮಟ್ಟಿಗೆ ಹುಳಿ ಕುದಿಸುವ ಜಾತಿ. ಗಾಳಿ ನೀರಿನ ಹರಿವನ್ನು ಲೆಕ್ಕ ಹಾಕುವ ಸಿಮ್ಯುಲೇಷನ್ ತರಕಾರಿ ಹೆಚ್ಚುವ ಜಾತಿ. ದೊಡ್ಡ ಭಾಷಾ ಮಾದರಿಯನ್ನು ಗ್ರಾಫಿಕ್ಸ್ ಕಾರ್ಡ್ ಇಲ್ಲದೆ ರ‍್ಯಾಮ್‌ನಲ್ಲೇ ಇಟ್ಟು ಓಡಿಸುವುದಂತೂ ಇನ್ನೂ ಸ್ಪಷ್ಟ ಉದಾಹರಣೆ. ಮಾದರಿ 40 ಜಿಬಿ ಇದೆ ಅನ್ನಿ. ಒಂದೊಂದು ಟೋಕನ್ (ಪದ ಅಥವಾ ಪದದ ತುಣುಕು) ಹೊರಬರಲೂ ಅಷ್ಟೂ 40 ಜಿಬಿಯನ್ನು ಒಮ್ಮೆ ಓದಬೇಕು. 89.6 ಅನ್ನು 40ರಿಂದ ಭಾಗಿಸಿ, ಸೆಕೆಂಡಿಗೆ ಎರಡು ಟೋಕನ್. ನಾಲ್ಕು ಚಾನೆಲ್‌ನಲ್ಲಿ ಐದು, ಎಂಟರಲ್ಲಿ ಹತ್ತು. ಅಲ್ಲಿ ಕೋರ್ ಎಷ್ಟು ಅಂತ ಯಾರೂ ಕೇಳುವುದೇ ಇಲ್ಲ, ಬಾಗಿಲು ಎಷ್ಟು ಅಂತ ಕೇಳುತ್ತಾರೆ.

ಇನ್ನೊಂದು, ಪಿಸಿಐಇ ಲೇನ್, ಅಂದರೆ ಪ್ರೊಸೆಸರ್‌ನಿಂದ ಕಾರ್ಡ್, ಎಸ್‌ಎಸ್‌ಡಿಗಳಿಗೆ ಡೇಟಾ ಓಡುವ ದಾರಿ. ಎಎಂ5 (9950ಎಕ್ಸ್ ಕೂರುವ ಸಾಕೆಟ್) ಪ್ರೊಸೆಸರ್‌ನಿಂದ ನಮ್ಮ ಬಳಕೆಗೆ ಸಿಗುವುದು 24 ಲೇನ್. ಗ್ರಾಫಿಕ್ಸ್ ಕಾರ್ಡ್‌ಗೆ 16, ಎರಡು ಎಸ್‌ಎಸ್‌ಡಿಗೆ ನಾಲ್ಕು ನಾಲ್ಕು, ಮುಗಿಯಿತು. ಎರಡನೇ ಕಾರ್ಡ್ ಹಾಕಿದರೆ 16 ಒಡೆದು ಎಂಟೆಂಟು ಆಗಬೇಕು, ಅದೂ ಬೋರ್ಡ್ ಒಪ್ಪಿದರೆ. ಥ್ರೆಡ್‌ರಿಪ್ಪರ್ ಪ್ರೊದಲ್ಲಿ 128 ಲೇನ್ ಇವೆ, ನಾಲ್ಕು ಕಾರ್ಡ್ ಹಾಕಿದರೂ ಒಂದಕ್ಕೊಂದು ತಾಕುವುದಿಲ್ಲ. ನಿಮ್ಮಲ್ಲಿರುವುದು ಒಂದು ಕಾರ್ಡ್, ಅಲ್ವಾ? ಮುಂದಕ್ಕೆ ಹೋಗೋಣ.

ಇಸಿಸಿ ರ‍್ಯಾಮ್ ಬಗ್ಗೆ ಅಂಗಡಿಯವರು ಹೇಳಿಯೇ ಇರುತ್ತಾರೆ. ರ‍್ಯಾಮ್‌ನಲ್ಲಿ ಅಪರೂಪಕ್ಕೆ ಒಂದು ಬಿಟ್ ತಾನಾಗಿಯೇ 0 ಇದ್ದದ್ದು 1 ಆಗಿಬಿಡುತ್ತದೆ. ಇಸಿಸಿ ಇದ್ದರೆ ಅದು ಸಿಕ್ಕಿಬಿದ್ದು ಸರಿಯಾಗುತ್ತದೆ. 2003ರಲ್ಲಿ ಬೆಲ್ಜಿಯಂನ ಸ್ಕಾರ್ಬೀಕ್ ಅನ್ನುವ ಕಡೆ ಚುನಾವಣೆಯ ಎಣಿಕೆಯಲ್ಲಿ ಒಬ್ಬ ಅಭ್ಯರ್ಥಿಗೆ 4096 ಮತ ಹೆಚ್ಚಿಗೆ ಬಂತು. ಬರಲು ಸಾಧ್ಯವೇ ಇಲ್ಲದಷ್ಟು ಮತ ಆದ್ದರಿಂದ ಗೊತ್ತಾಯಿತು. 4096 ಅಂದರೆ ಎರಡರ ಹನ್ನೆರಡನೇ ಘಾತ, ಸರಿಯಾಗಿ ಒಂದು ಬಿಟ್ ಮಗುಚಿದರೆ ಆಗುವ ವ್ಯತ್ಯಾಸ. ಅದೇ ಕಾರಣ ಇರಬೇಕು ಅಂತ ಊಹಿಸಿದರು. ಮತ ಎಣಿಸುವವರಿಗೆ, ಲೆಕ್ಕಪತ್ರ ಇಡುವ ಸರ್ವರ್‌ಗೆ, ವಾರಗಟ್ಟಲೆ ಓಡುವ ಸಿಮ್ಯುಲೇಷನ್‌ಗೆ ಇಸಿಸಿ ಬೇಕು. ಸೋಫಾ ಮೇಲಿನ ಒಂದು ಚುಕ್ಕಿ ಬಣ್ಣ ಬದಲಾಯಿಸಿದರೆ ನಿಮ್ಮ ಗಿರಾಕಿಗೆ ಕಾಣುವುದೂ ಇಲ್ಲ. ತೀರಾ ಅಂದರೆ ಮ್ಯಾಕ್ಸ್ ಒಮ್ಮೆ ಕ್ರ್ಯಾಶ್ ಆಗುತ್ತದೆ, ಅದು ಇಸಿಸಿ ಇದ್ದರೂ ಆಗುತ್ತದೆ. ಡಿಡಿಆರ್5ನಲ್ಲಿ ಎಲ್ಲದಕ್ಕೂ ಇಸಿಸಿ ಇದೆ ಅನ್ನುವ ಮಾತೂ ಓಡಾಡುತ್ತಿದೆ. ಅದು ಚಿಪ್ಪಿನ ಒಳಗಿನ ತಿದ್ದುಪಡಿ ಮಾತ್ರ, ಚಿಪ್ಪಿನಿಂದ ಪ್ರೊಸೆಸರ್‌ವರೆಗಿನ ದಾರಿಗೆ ಅದು ಕಾವಲಲ್ಲ. ನಿಜವಾದ ಇಸಿಸಿ ಬೇಕೇ ಬೇಕು ಅಂದರೂ ಥ್ರೆಡ್‌ರಿಪ್ಪರ್ ಕಡ್ಡಾಯವಲ್ಲ. ಬೋರ್ಡ್ ಒಪ್ಪಿದರೆ 9950ಎಕ್ಸ್ ಕೂಡ ಇಸಿಸಿ ಯುಡಿಮ್ (ಡೆಸ್ಕ್‌ಟಾಪ್ ಬೋರ್ಡಿನ ಸ್ಟಿಕ್) ತೆಗೆದುಕೊಳ್ಳುತ್ತದೆ.

ಈಗ ದುಡ್ಡಿನ ಮಾತು. ರೂಪಾಯಿ ಬೆಲೆ ವಾರಕ್ಕೊಂದು, ಅಂಗಡಿಗೊಂದು. ಅದಕ್ಕೇ ಬಿಡುಗಡೆಯಾದಾಗಿನ ಡಾಲರ್ ಬೆಲೆಯಲ್ಲಿ ಹೋಲಿಸುತ್ತೇನೆ, ಪ್ರಮಾಣ ತಿಳಿಯಲು ಸಾಕು. 2024ರ ಆಗಸ್ಟ್‌ನಲ್ಲಿ ಬಂದ 9950ಎಕ್ಸ್ 649 ಡಾಲರ್, ಅಂದರೆ ಕೋರಿಗೆ ಸುಮಾರು 41. 2025ರ ಜುಲೈ ಕೊನೆಗೆ ಬಂದ 9960ಎಕ್ಸ್ 1499, ಕೋರಿಗೆ 62. 32 ಕೋರಿನ 9970ಎಕ್ಸ್ 2499, ಕೋರಿಗೆ 78. ಸಗಟಿನಲ್ಲಿ ಕೊಂಡರೆ ಕಡಿಮೆ ಅನ್ನುವ ವ್ಯಾಪಾರದ ಲೆಕ್ಕ ಇಲ್ಲಿ ಉಲ್ಟಾ, ಜಾಸ್ತಿ ಕೊಂಡಷ್ಟೂ ಒಂದೊಂದರ ಬೆಲೆ ಏರುತ್ತದೆ. ಇದು ಬರೀ ಪ್ರೊಸೆಸರ್. ಥ್ರೆಡ್‌ರಿಪ್ಪರ್‌ಗೆ ಟಿಆರ್‌ಎಕ್ಸ್50 ಬೋರ್ಡೇ ಬೇಕು, ಅದು ಸಾಮಾನ್ಯ ಬೋರ್ಡಿನ ಎರಡು ಮೂರು ಪಟ್ಟು. ರ‍್ಯಾಮ್ ಆರ್‌ಡಿಮ್ಮೇ (ಸರ್ವರ್, ವರ್ಕ್‌ಸ್ಟೇಷನ್‌ನ ಸ್ಟಿಕ್) ಆಗಬೇಕು, ಮಾಮೂಲಿ ಸ್ಟಿಕ್ಕಿನ ಕಚ್ಚು ಆ ಸ್ಲಾಟಿಗೆ ಕೂರುವುದೇ ಇಲ್ಲ. ನಾಲ್ಕು ಚಾನೆಲ್ ಇದೆ ಅಂದಮೇಲೆ ನಾಲ್ಕು ಸ್ಟಿಕ್ ಹಾಕಲೇಬೇಕು. ಎರಡೇ ಹಾಕಿ ಓಡಿಸುವವರನ್ನು ನೋಡಿದ್ದೇನೆ. ನಾಲ್ಕು ಬಾಗಿಲಿನ ಉಗ್ರಾಣ ಕಟ್ಟಿಸಿ ಎರಡಕ್ಕೆ ಬೀಗ ಹಾಕಿದ ಹಾಗೆ. 2025ರ ಕೊನೆಯ ಹೊತ್ತಿಗೆ ರ‍್ಯಾಮ್ ಬೆಲೆ ಎಷ್ಟು ಏರಿತು ಅನ್ನುವುದು ನಿಮಗೂ ಗೊತ್ತಿರುತ್ತದೆ. ಎಲ್ಲದರ ಮೇಲೆ 18% ಜಿಎಸ್‌ಟಿ.

"ಹತ್ತು ವರ್ಷ ತಿರುಗಿ ನೋಡೋ ಹಾಗಿಲ್ಲ" ಅನ್ನುವ ಮಾತು ಓದಿ ನಗು ಬಂತು. 2017ರ ಆಗಸ್ಟ್‌ನಲ್ಲಿ ಮೊದಲ ಥ್ರೆಡ್‌ರಿಪ್ಪರ್ 1950ಎಕ್ಸ್ ಬಂದಾಗ 16 ಕೋರಿಗೆ 999 ಡಾಲರ್. ಎರಡು ವರ್ಷ ಕಳೆದು 2019ರ ನವೆಂಬರ್‌ನಲ್ಲಿ ಅದೇ 16 ಕೋರ್ ಡೆಸ್ಕ್‌ಟಾಪ್‌ನ 3950ಎಕ್ಸ್‌ನಲ್ಲಿ 749ಕ್ಕೆ ಸಿಕ್ಕಿತು, ಅದೂ ಹೆಚ್ಚು ವೇಗದಲ್ಲಿ. ಅದೇ ತಿಂಗಳು ಬಂದ ಮೂರನೇ ಪೀಳಿಗೆಯ ಥ್ರೆಡ್‌ರಿಪ್ಪರ್ ಹಳೇ ಬೋರ್ಡಿಗೆ ಕೂರಲಿಲ್ಲ, ಟಿಆರ್‌ಎಕ್ಸ್40 ಅನ್ನುವ ಹೊಸ ಬೋರ್ಡ್ ಕೊಳ್ಳಬೇಕಾಯಿತು. ಕೊಂಡವರ ಪಾಡು ಏನಾಯಿತು? 2022ರಲ್ಲಿ ಬಂದ ಮುಂದಿನ ಪೀಳಿಗೆ ಬರೀ ಪ್ರೊ, ಅದಕ್ಕೆ ಬೇರೆಯದೇ ಬೋರ್ಡ್. ಟಿಆರ್‌ಎಕ್ಸ್40 ಒಂದೇ ಪೀಳಿಗೆಗೆ ಮುಗಿದುಹೋಯಿತು. ಈಗಿನ ಟಿಆರ್‌ಎಕ್ಸ್50 ಪರವಾಗಿಲ್ಲ, 7000 ಮತ್ತು 9000 ಎರಡೂ ಸರಣಿಗೆ ಒಗ್ಗಿದೆ. ಆದರೂ ದುಬಾರಿ ಅಂದ ಮಾತ್ರಕ್ಕೆ ಬಾಳಿಕೆ ಜಾಸ್ತಿ ಅನ್ನುವುದು ಈ ವ್ಯಾಪಾರದಲ್ಲಿ ನಿಜವಲ್ಲ. ಡೆಸ್ಕ್‌ಟಾಪ್‌ನ ಎಎಂ4 ಸಾಕೆಟ್ ಎಷ್ಟು ವರ್ಷ ಬಾಳಿತು ನೋಡಿ. ಎಎಂ5ಗೂ 2027 ಮತ್ತು ಅದರಾಚೆಗೆ ಅಂತ ಎಎಂಡಿ ಮಾತು ಕೊಟ್ಟಿದೆ.

ಹಳೇ ಜಿಯಾನ್ ಬಗ್ಗೆ ಎರಡೇ ಮಾತು. ಬೆಂಗಳೂರಿನ ಎಸ್.ಪಿ. ರೋಡ್‌ನಲ್ಲೂ ಆನ್‌ಲೈನ್‌ನಲ್ಲೂ ಕಡಿಮೆಗೆ ಸಿಗುವುದು ಹೆಚ್ಚಾಗಿ ಇ5 ಸರಣಿಯವು, ಸರ್ವರ್‌ನಿಂದ ಕಳಚಿದವು. ಉದಾಹರಣೆಗೆ ಇ5-2680 ವಿ4: 2016ರದ್ದು, 14 ಕೋರ್, 28 ಥ್ರೆಡ್. ಅಂಕಿ ಕೇಳಲು ಚೆಂದ. ಆದರೆ ಒಂದು ಕೋರ್ ಹೆಚ್ಚೆಂದರೆ 3.3 ಗಿಗಾಹರ್ಟ್ಸ್. ಆಟೋಕ್ಯಾಡ್, ಸ್ಕೆಚ್‌ಅಪ್‌ನಲ್ಲಿ ನಿಮ್ಮ ಈಗಿನ 3700ಎಕ್ಸ್‌ಗಿಂತ ನಿಧಾನ. ವಿಂಡೋಸ್ 11ರ ಅಧಿಕೃತ ಪಟ್ಟಿಯಲ್ಲಿ ಅದಿಲ್ಲ, ವಿಂಡೋಸ್ 10ರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಮನೆಯಲ್ಲಿ ಲಿನಕ್ಸ್ ಹಾಕಿ ಸರ್ವರ್ ಆಟ ಆಡುವವರಿಗೆ ಒಳ್ಳೆಯದು. ಆಫೀಸಿಗೆ ಬೇಡ.

ಕರೆಂಟು ಬಿಲ್ಲಿನ ಹೆದರಿಕೆ ಸುಮ್ನೆ. 9950ಎಕ್ಸ್ ಪೂರ್ತಿ ದುಡಿಯುವಾಗ 230 ವ್ಯಾಟ್‌ವರೆಗೆ ಎಳೆಯುತ್ತದೆ, 9960ಎಕ್ಸ್ 350. ದಿನಕ್ಕೆ ಎಂಟು ಗಂಟೆ ರೆಂಡರ್ ಮಾಡಿದರೂ ವ್ಯತ್ಯಾಸ ಒಂದು ಯೂನಿಟ್. ತೊಂದರೆ ಬರುವುದು ಯುಪಿಎಸ್‌ನಲ್ಲಿ. 600 ವಿಎ ಅಂತ ದೊಡ್ಡದಾಗಿ ಬರೆದ ಬಹಳಷ್ಟು ಯುಪಿಎಸ್ ನಿಜವಾಗಿ ಹೊರುವುದು 360 ವ್ಯಾಟ್. ಮಾನಿಟರ್, ಗ್ರಾಫಿಕ್ಸ್ ಕಾರ್ಡ್ ಸೇರಿದರೆ ಥ್ರೆಡ್‌ರಿಪ್ಪರ್ ಮಷಿನ್‌ಗೆ ಅದು ಏನೇನೂ ಸಾಲದು. ಒಂದೂಮುಕ್ಕಾಲು ಗಂಟೆ ಓಡಿದ ರೆಂಡರ್ ಕರೆಂಟ್ ಹೋಗಿ ಸತ್ತರೆ 24 ಕೋರ್ ಇದ್ದು ಏನು ಬಂತು? ಇನ್ನು ಬಿಸಿ. 9950ಎಕ್ಸ್ 95 ಡಿಗ್ರಿ ಮುಟ್ಟಿದರೆ ಗಾಬರಿ ಬೇಡ, ಅದರ ಮಿತಿಯೇ ಅಷ್ಟು. ಏಪ್ರಿಲ್ ಮೇ ತಿಂಗಳಲ್ಲಿ ಎಸಿ ಇಲ್ಲದ ರೂಮಾದರೆ ಬಯಾಸ್‌ನಲ್ಲಿ (ಬೋರ್ಡಿನ ಒಳಗಿನ ಸೆಟ್ಟಿಂಗ್) ಇಕೋ ಮೋಡ್ ಹಾಕಿ 105 ವ್ಯಾಟ್‌ಗೆ ಇಳಿಸಿ. ವೇಗ ಸ್ವಲ್ಪವೇ ಕುಸಿಯುತ್ತದೆ, ಫ್ಯಾನಿನ ಗಲಾಟೆ ಬಹಳ ಕಡಿಮೆಯಾಗುತ್ತದೆ. ನಾನು ನನ್ನ ಮಷಿನ್‌ಗೆ ವರ್ಷಪೂರ್ತಿ ಹಾಗೇ ಇಟ್ಟಿದ್ದೇನೆ.

ಆ ಅಗ್ಗದ ದಾರಿ ಯಾವುದು ಅಂದರೆ, ನಿಮ್ಮ 3700ಎಕ್ಸ್ ಕೂತಿರುವ ಬೋರ್ಡ್ ಎಎಂ4. ಅದು ಬಿ450, ಬಿ550 ಅಥವಾ ಎಕ್ಸ್570 ಆಗಿದ್ದರೆ ಬಯಾಸ್ ಅಪ್‌ಡೇಟ್ ಮಾಡಿ ಅದೇ ಜಾಗಕ್ಕೆ 16 ಕೋರಿನ ರೈಜೆನ್ 9 5950ಎಕ್ಸ್ ಕೂರಿಸಬಹುದು. ಬೋರ್ಡ್, ರ‍್ಯಾಮ್, ಎಸ್‌ಎಂಪಿಎಸ್ ಯಾವುದೂ ಬದಲಾಗಬೇಕಿಲ್ಲ, ಕೂಲರ್ ಒಂದು ಒಳ್ಳೆಯದು ಹಾಕಿ. ಬೋರ್ಡ್ ತೀರಾ ಕಡಿಮೆ ಬೆಲೆಯದ್ದಾಗಿದ್ದು ಪ್ರೊಸೆಸರ್ ಸುತ್ತಲಿನ ವಿಆರ್‌ಎಂ (ಪ್ರೊಸೆಸರ್‌ಗೆ ಕರೆಂಟ್ ಹದಮಾಡಿ ಕೊಡುವ ಭಾಗ) ಮೇಲೆ ಹೀಟ್‌ಸಿಂಕೇ ಇಲ್ಲದಿದ್ದರೆ ಈ ಸಾಹಸ ಬೇಡ. ಕೂತಿತು ಅಂದರೆ ರೆಂಡರ್ ಸಮಯ ಹೆಚ್ಚೂಕಡಿಮೆ ಅರ್ಧಕ್ಕೆ ಇಳಿಯುತ್ತದೆ. 5950ಎಕ್ಸ್ ನ್ಯಾಯವಾದ ಬೆಲೆಗೆ ಸಿಕ್ಕರೆ ಮೊದಲು ಇದನ್ನು ಮಾಡಿ, ಹೊಸ ಮಷಿನ್ ಮಾತು ಒಂದು ವರ್ಷ ಮುಂದೂಡಿ.

ಸಿಗಲಿಲ್ಲ, ಹೊಸದೇ ಬೇಕು ಅಂದರೆ 9950ಎಕ್ಸ್ ತಗೊಳ್ಳಿ, ಹಳೇ ಮಷಿನ್ ಮಾರಬೇಡಿ. ಕರೋನಾದಲ್ಲಿ ಡಿಸ್ಟ್ರಿಬ್ಯೂಟೆಡ್ ರೆಂಡರಿಂಗ್ ಇದೆ, ಎರಡೂ ಮಷಿನ್ ಒಂದೇ ವ್ಯೂ ಹಂಚಿಕೊಂಡು ಮುಗಿಸುತ್ತವೆ. 16 ಮತ್ತು 8, ಒಟ್ಟು 24 ಕೋರ್, ಥ್ರೆಡ್‌ರಿಪ್ಪರ್ 9960ಎಕ್ಸ್‌ನ ಲೆಕ್ಕಕ್ಕೇ ಬಂತು. ನಿಮ್ಮ ಲೈಸೆನ್ಸ್‌ನಲ್ಲಿ ರೆಂಡರ್ ನೋಡ್ (ರೆಂಡರ್‌ಗೆ ಕೈಜೋಡಿಸುವ ಹೆಚ್ಚುವರಿ ಮಷಿನ್) ಎಷ್ಟಿದೆ ಅಂತ ಮಾತ್ರ ಮೊದಲೇ ನೋಡಿಕೊಳ್ಳಿ.

ರ‍್ಯಾಮ್ ವಿಷಯದಲ್ಲಿ ಒಂದು ಎಚ್ಚರಿಕೆ. ಬೋರ್ಡಿನಲ್ಲಿ ನಾಲ್ಕು ಸ್ಲಾಟ್ ಇದೆ ಅಂತ ನಾಲ್ಕೂ ತುಂಬಿಸಬೇಡಿ. 9950ಎಕ್ಸ್‌ನಲ್ಲಿ ಎರಡು ಸ್ಟಿಕ್ ಇದ್ದರೆ ಅಧಿಕೃತ ವೇಗ 5600, ನಾಲ್ಕಾದರೆ 3600ಕ್ಕೆ ಇಳಿಯುತ್ತದೆ. ಎರಡು 48 ಜಿಬಿ ಸ್ಟಿಕ್ ಹಾಕಿ 96 ಮಾಡಿಕೊಳ್ಳಿ, ಗಿಡ ಮರ ತುಂಬಿದ ಸೀನಿಗೂ ಸಾಕು. ಮೊದಲ ಸಲ ಆನ್ ಮಾಡಿದಾಗ ಪರದೆ ಕಪ್ಪಗೇ ಇರುತ್ತದೆ, ಫ್ಯಾನ್ ಮಾತ್ರ ತಿರುಗುತ್ತಿರುತ್ತದೆ. ಬೋರ್ಡ್ ಆಗ ರ‍್ಯಾಮ್ ಜೊತೆ ಹೊಂದಾಣಿಕೆ ಮಾಡಿಕೊಳ್ಳುತ್ತಿರುತ್ತದೆ, ಕೆಲವು ನಿಮಿಷ ಬೇಕು. ನಾನು ಮೊದಲ ಎಎಂ5 ಮಷಿನ್ ಜೋಡಿಸಿದಾಗ ಇದು ಗೊತ್ತಿಲ್ಲದೆ ಮೂರು ಸಲ ಸ್ವಿಚ್ ಆರಿಸಿ, ರ‍್ಯಾಮ್ ಕಿತ್ತು ಮತ್ತೆ ಹಾಕಿ, ಬೋರ್ಡೇ ಸತ್ತಿದೆ ಅಂತ ವಾಪಸ್ ಪ್ಯಾಕ್ ಮಾಡಿದ್ದೆ. ನೀವು ಸ್ವಿಚ್ ಹಾಕಿ ಹೋಗಿ ಒಂದು ಚಾ ಕುಡಿದು ಬನ್ನಿ.